ಮಿಲಾನಿನಲ್ಲಿ ಸುಟ್ಟ ಮೂರು ಎಳೆ

ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಒಂದು ಶೂ ಹಾರ್ನ್ ಇದೆ. ಬೂಟಿನೊಳಗೆ ಹಿಮ್ಮಡಿ ಜಾರಿಸಲು ಬಳಸುತ್ತಾರಲ್ಲ, ಆ ಉದ್ದನೆಯ ಪಟ್ಟಿ. ಮನೆಯಲ್ಲಿ ಬೂಟು ಹಾಕುವವರು ಯಾರೂ ಇಲ್ಲ. ಆದ್ದರಿಂದ ಅದು ಬೆನ್ನು ಕೆರೆದುಕೊಳ್ಳಲು, ಅಟ್ಟದ ಮೇಲಿನ ನೂಲಿನ ಕಟ್ಟು ಎಳೆದುಕೊಳ್ಳಲು, ಮಾವಿನಹಣ್ಣಿನ ಮೇಲೆ ಕೂತ ನೊಣ ಓಡಿಸಲು ಉಪಯೋಗವಾಗುತ್ತಿದೆ. ಮೂರಕ್ಕೂ ಚೆನ್ನಾಗಿದೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲಿನ ಹೆಸರಿತ್ತು. ನಮ್ಮೂರಿನ ಬೆವರಿಗೆ ಅದು ಅಳಿಸಿಹೋಗಿರುವುದರಿಂದ ಹೆಸರು ಹೇಳುವ ಜವಾಬ್ದಾರಿ ನನ್ನ ಮೇಲಿಲ್ಲ.

ಕದ್ದು ತಂದಿರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂಡದ ಟೂರ್ ಮ್ಯಾನೇಜರ್, ಹೈದರಾಬಾದಿನ ಒಬ್ಬ ಮೇಡಂ, ಬಸ್ಸಿನಲ್ಲಿ ಮೈಕು ಹಿಡಿದು ಸ್ಪಷ್ಟವಾಗಿ ಸಾರಿದ್ದರು. ಸೋಪು, ಬಾಚಣಿಗೆ, ಬಿಳಿ ಚಪ್ಪಲಿ ತೆಗೆದುಕೊಳ್ಳಬಹುದು. ಟವೆಲು, ನಿಲುವಂಗಿ, ಕೆಟಲು ಮುಟ್ಟಬಾರದು. ಶೂ ಹಾರ್ನಿನ ವಿಚಾರ ಅವರು ತೆಗೆಯಲಿಲ್ಲ. ನಾನಾಗಿ ತೆಗೆದು ಅವರಿಗೆ ತೊಂದರೆ ಕೊಡುವುದು ಸರಿಯಲ್ಲ ಎನ್ನಿಸಿ ಸುಮ್ಮನೆ ಸೂಟ್‌ಕೇಸಿನಲ್ಲಿ ಇಟ್ಟುಕೊಂಡೆ.

ನಾರಾಯಣಪೇಟೆಯವನು ಪ್ಯಾರಿಸ್ಸಿನ ಐದು ನಕ್ಷತ್ರದ ಹೋಟೆಲಿಗೆ ಹೋದದ್ದು ಹೇಗೆ ಎಂಬುದನ್ನೂ ಹೇಳಬೇಕು. ನಮ್ಮದು ನೇಕಾರರಿಗೆ ರೇಷ್ಮೆ ನೂಲು, ಜರಿ ಮಾರುವ ಅಂಗಡಿ. ಸೂರತ್ತಿನಿಂದ ನಮಗೆ ಜರಿ ಕಳಿಸುವ ಕಂಪನಿಯವರು, ಒಂದು ವರ್ಷದಲ್ಲಿ ಇಷ್ಟು ಮಾಲು ಎತ್ತಿದ ಅಂಗಡಿಯವರಿಗೆ ಹೆಂಡತಿ ಸಮೇತ ಯುರೋಪು ತೋರಿಸುತ್ತೇವೆ ಎಂದು ಬಣ್ಣದ ಕಾಗದ ಕಳಿಸಿದರು. ಆ ವರ್ಷ ಮುಹೂರ್ತಗಳು ಜಾಸ್ತಿ ಇದ್ದವು, ಮದುವೆಗಳಾದವು, ಸೀರೆಗಳು ಹೋದವು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಅದರ ಹಿಂದಿನ ವರ್ಷ ಅದೇ ಕಂಪನಿ ಗೋಡೆ ಗಡಿಯಾರ ಕೊಟ್ಟಿತ್ತು.

"ಈ ಸಲ ಏನ್ ಮಾಡೋಣ? ಹೋಗೋಣೇನು?" ಎಂದು ನನ್ನ ಹೆಂಡತಿ ನರಸಮ್ಮನನ್ನು ಕೇಳಿದೆ.

"ಗಡಿಯಾರ ಐತಲ್ರಿ," ಎಂದಳು ಅವಳು. "ಹೋಗೋಣ ನಡೀರಿ."

ಕಂಪನಿಯ ಕಾಗದದಲ್ಲಿ 'ಲಕ್ಸುರಿ' ಎಂಬ ಪದ ಏಳು ಕಡೆ ಇತ್ತು. ಆ ಪದಕ್ಕೆ ಅಪಚಾರವಾಗದಿರಲಿ ಎಂದು ನಾನು ಸೂಟು ಹೊಲಿಸಿದೆ, ಹೈದರಾಬಾದಿಗೆ ಹೋಗಿ ಬೂಟು ತಂದೆ. ಬೂಟು ಬಿಗಿಯಾಗಿತ್ತು. "ನಡೆದಂಗ ನಡೆದಂಗ ಬಿಡ್ತಾವ ಸಾರ್" ಎಂದು ಅಂಗಡಿಯವನು ಭರೋಸೆ ಕೊಟ್ಟ. ಮೂರು ದೇಶ ನಡೆದೆ, ಬಿಡಲಿಲ್ಲ. ದಿನಾ ಬೆಳಿಗ್ಗೆ ನಾನು ಮಂಚದ ತುದಿಯಲ್ಲಿ ಕೂತು ಕಾಲು ಚಾಚುವುದು, ನರಸಮ್ಮ ನೆಲದ ಮೇಲೆ ಕೂತು ಆ ಶೂ ಹಾರ್ನ್ ತುರುಕಿ ಹಿಮ್ಮಡಿ ಒಳಗೆ ತಳ್ಳುವುದು. ಯುರೋಪಿನ ನಮ್ಮ ದಿನಗಳೆಲ್ಲ ಹೀಗೆ ಆರಂಭವಾದವು.

ಆ ಪ್ಯಾರಿಸ್ ಹೋಟೆಲಿನ ಸ್ನಾನದ ಮನೆ ನಮ್ಮ ಮನೆಯ ಮಗ್ಗದ ಕೋಣೆಗಿಂತ ದೊಡ್ಡದು. ಅದರೊಳಗೊಂದು ಟೆಲಿಫೋನು. ಸ್ನಾನ ಮಾಡುತ್ತಾ ಯಾರಿಗೆ ಫೋನು ಮಾಡಬೇಕೋ ತಿಳಿಯದೆ ಅದನ್ನು ಹಾಗೇ ಬಿಟ್ಟೆವು. ಮಂಚದ ಮೇಲೆ ಎಂಟು ದಿಂಬು. ಅವು ಹಿಡಿಸದಿದ್ದರೆ ಬೇರೆ ತರಿಸಿಕೊಳ್ಳಲು ಒಂದು ದಿಂಬಿನ ಪಟ್ಟಿಯನ್ನೂ ಇಟ್ಟಿದ್ದರು. ಬಾತುಕೋಳಿ ಪುಕ್ಕದ್ದು, ಉಣ್ಣೆಯದ್ದು, ಯಾವುದೋ ಕಾಳಿನ ಹೊಟ್ಟು ತುಂಬಿದ್ದು. ನಾನು ಓದಿ ಹೇಳಿದೆ.

"ನಾವು ಎಮ್ಮಿ ಮುಂದ ಹಾಕೋದು ಇವರು ತಲಿ ಕೆಳಗ ಹಾಕ್ಕೊಂತಾರ," ಎಂದು ನರಸಮ್ಮ ಎಂಟು ದಿಂಬನ್ನೂ ಮೂಲೆಗೆ ಜೋಡಿಸಿ, ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದಳು.

ಊಟದ ವಿಚಾರ ಹೇಳದಿದ್ದರೆ ಕಂಪನಿಯವರಿಗೆ ಬೇಸರವಾದೀತು. ಎರಡನೆಯ ದಿನ ಬಹಳ ಹೆಸರಾದ ಒಂದು ಕಡೆ ಊಟಕ್ಕೆ ಕರೆದೊಯ್ದರು. ರೊಟ್ಟಿಯ ಹಂಚಿನಷ್ಟು ಅಗಲದ ಬಿಳಿ ತಟ್ಟೆ ಬಂತು. ಅದರ ನಡುವೆ ಒಂದು ಗಜ್ಜರಿ, ಪಕ್ಕದಲ್ಲಿ ಮೂರು ಎಲೆ. ತಂದವನು ಹೋಗದೆ ಕೈ ಹಿಂದೆ ಕಟ್ಟಿ ನಿಂತು, ಆ ಗಜ್ಜರಿ ಯಾವ ಊರಿನ ಹೊಲದ್ದು, ಮಣ್ಣು ಎಂಥದ್ದು, ಎಷ್ಟು ಗಂಟೆ ಯಾವ ಬೆಂಕಿಯಲ್ಲಿ ಬೆಂದಿತು ಎಂದೆಲ್ಲ ವಿವರಿಸಿದ. ಮೇಡಂ ಅದನ್ನು ತೆಲುಗಿಗೆ ತಿರುಗಿಸಿದರು. ನರಸಮ್ಮ ತಲೆಯಾಡಿಸುತ್ತಾ ಎಲ್ಲ ಕೇಳಿದಳು.

"ಅದರ ಕುಲಗೋತ್ರ ಎಲ್ಲ ಗೊತ್ತಾತು," ಎಂದು ನನ್ನ ಕಿವಿಯಲ್ಲಿ ಅಂದಳು. "ಊಟಕ್ಕ ಯಾವಾಗ ಕೊಡ್ತಾರ ಕೇಳ್ರಿ."

ಊಟ ಅದೇ ಆಗಿತ್ತು. ಕೋಣೆಗೆ ಬಂದು, ಕಂಬಳಿಯಂಥ ನೆಲಹಾಸಿನ ಮೇಲೆ ಟವೆಲು ಹಾಸಿ, ಊರಿನಿಂದ ಕಟ್ಟಿಕೊಂಡು ಬಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು. ಎಂಟೂವರೆಯಾದರೂ ಬಿಸಿಲಿತ್ತು. ಕಿಟಕಿಯಿಂದ ಇಡೀ ಪ್ಯಾರಿಸ್ ಕಾಣುತ್ತಿತ್ತು. ಆ ಊಟ ನನಗೆ ಬಹಳ ಹಿಡಿಸಿತು.

ನರಸಮ್ಮನ ಒಂದು ರೂಢಿಯ ಬಗ್ಗೆ ಈಗ ಹೇಳಿಬಿಡಬೇಕು, ಮುಂದಿನದಕ್ಕೆಲ್ಲ ಅದೇ ಕಾರಣ. ಬಟ್ಟೆ ಕಂಡರೆ ಅವಳ ಕೈ ತಡೆಯುವುದಿಲ್ಲ. ಅವಳು ಗದ್ವಾಲದ ನೇಕಾರರ ಮನೆಯ ಮಗಳು. ಲಂಗ ಹಾಕುವ ವಯಸ್ಸಿನಲ್ಲೇ ನೂಲು ಸುತ್ತಿದವಳು, ಮದುವೆಯಾದ ಮೇಲೆ ನಮ್ಮ ಮನೆಯ ಮಗ್ಗದಲ್ಲಿ ಹದಿನೈದು ವರ್ಷ ಕೂತವಳು. ಬಟ್ಟೆ ಯಾರದ್ದೇ ಆಗಿರಲಿ, ಎಲ್ಲೇ ಇರಲಿ, ಎರಡು ಬೆರಳಲ್ಲಿ ಹಿಡಿದು, ತಿಕ್ಕಿ, ಉಲ್ಟಾ ತಿರುಗಿಸಿ ನೋಡಲೇಬೇಕು. ಪ್ಯಾರಿಸ್ಸಿನಲ್ಲಿ ಹಾಸಿಗೆ, ಪರದೆ, ಊಟದ ಮೇಜಿನ ಬಟ್ಟೆ ಎಲ್ಲ ತಿರುವಿ ನೋಡಿದಳು. ಸ್ವಿಟ್ಜರ್ಲೆಂಡಿನ ಹೋಟೆಲಿನ ಲಿಫ್ಟಿನಲ್ಲಿ ಮುಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಕೋಟಿನ ಅಂಚು ಹಿಡಿದು ಮಗುಚಿದಳು. ಆ ಹೆಂಗಸು ತಿರುಗಿ ನೋಡಿ ನಕ್ಕರು. ನಾನು ಮೇಲೆ ಹೊಳೆಯುತ್ತಿದ್ದ ಮಹಡಿ ಸಂಖ್ಯೆಗಳನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ.

ನಾಚಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಸೂಟು ಹಾಕಿಕೊಂಡ ಮೇಲೆ ನನಗೆ ನಾಚಿಕೆ ಜಾಸ್ತಿಯಾಗಿತ್ತು.

ನಮ್ಮಿಬ್ಬರ ನಡುವೆ ಒಂದು ಹಳೆಯ ತಕರಾರು ಬೇರೆ ಇದೆ. ನಾನು ನಾರಾಯಣಪೇಟೆಯವನು, ಅವಳು ಗದ್ವಾಲದವಳು. ನಮ್ಮೂರ ಸೀರೆಗೆ ಚೌಕುಳಿ ಒಡಲು, ಗುಡಿಯ ಗೋಪುರದ ಅಂಚು. ಅವರೂರ ಸೀರೆಗೆ ಹತ್ತಿಯ ಒಡಲು, ರೇಷ್ಮೆಯ ಅಂಚು, ರೇಷ್ಮೆಯ ಸೆರಗು. ಆ ಹತ್ತಿ, ರೇಷ್ಮೆ ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಸೇರಿಸುತ್ತಾರೆ. ಮದುವೆಯಾಗಿ ಬಂದವಳು ಮೊದಲ ವಾರವೇ ನಮ್ಮ ಅಪ್ಪನ ಎದುರಿಗೆ, "ನಿಮ್ಮ ಸೀರಿ ಚಲೋ ಐತ್ರಿ ಮಾವಾರ, ದಿನಾ ಉಡಾಕ" ಎಂದಿದ್ದಳು. ಹಬ್ಬಕ್ಕೆ ಆಗುವುದಿಲ್ಲ ಎಂದು ಅರ್ಥ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಳನ್ನು ಮಗ್ಗಕ್ಕೆ ಕೂರಿಸಿ ಕೈ ನೋಡಿದರು. ಆಮೇಲೆ ಸಾಯುವವರೆಗೂ ನೂಲು ಯಾವುದು ಕೊಳ್ಳಬೇಕು ಎಂದು ಅವಳನ್ನೇ ಕೇಳುತ್ತಿದ್ದರು, ನನ್ನನ್ನು ಕೇಳಲಿಲ್ಲ.

ಅಪ್ಪ ರೇಷ್ಮೆ ಪರೀಕ್ಷೆ ಮಾಡುತ್ತಿದ್ದದ್ದು ಬೀಡಿಯಿಂದ. ಹೊಸ ನೂಲು ಬಂದರೆ ಒಂದು ಎಳೆ ಕಿತ್ತು, ಬೀಡಿಯ ಕೆಂಡಕ್ಕೆ ತಾಗಿಸಿ, ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗುಂಡಗೆ ಅಂಟಿಕೊಂಡರೆ ನೈಲಾನು, ಆಗ ಅಪ್ಪನ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ವಾರಿಗೆಯ ಹುಡುಗರು ಅಕ್ಷರ ಕಲಿಯುವ ಹೊತ್ತಿಗೆ ನಾನು ಬೀಡಿಯ ಹೊಗೆಯನ್ನೂ ರೇಷ್ಮೆಯ ಹೊಗೆಯನ್ನೂ ಬೇರೆ ಮಾಡಲು ಕಲಿತಿದ್ದೆ.

ನಮ್ಮ ಕಡೆ ಇದು ಸಾಮಾನ್ಯ ಪದ್ಧತಿ. ಮದುವೆ ಸೀರೆ ಕೊಳ್ಳಲು ಹಿರಿಯರು ಬಂದರೆ, ಅವರು ಕೇಳುವ ಮುಂಚೆಯೇ ಅಂಗಡಿಯವನು ಕಡ್ಡಿಪೆಟ್ಟಿಗೆ ತೆಗೆದು ಮುಂದಿಡುತ್ತಾನೆ. ಸೆರಗಿನ ತುದಿಯಿಂದ ಒಂದು ಎಳೆ ಕೀಳುತ್ತಾರೆ, ಸುಡುತ್ತಾರೆ, ಮೂಸುತ್ತಾರೆ, ತಲೆಯಾಡಿಸುತ್ತಾರೆ, ಆಮೇಲೆ ದರದ ಮಾತು. ಕಡ್ಡಿಪೆಟ್ಟಿಗೆ ಇಡದ ಅಂಗಡಿ ಎಂದರೆ ಅನುಮಾನ. ನಾನೇ ದಿನಕ್ಕೆ ಹತ್ತು ಸಲ ಗಿರಾಕಿಗಳ ಮುಂದೆ ಕಡ್ಡಿಪೆಟ್ಟಿಗೆ ಇಡುವವನು.

ಇನ್ನು ಮಿಲಾನ್. ಇಟಲಿಯ ಆ ಊರಿನಲ್ಲಿ ಕಂಪನಿಯವರು ಖರೀದಿಗೆಂದು ಅರ್ಧ ದಿನ ಬಿಟ್ಟಿದ್ದರು. ಉಳಿದವರೆಲ್ಲ ಮೇಡಂ ಜೊತೆ ಚರ್ಮದ ಚೀಲದ ಅಂಗಡಿಗೆ ನುಗ್ಗಿದರು. ನಾವಿಬ್ಬರು ಅದರ ಪಕ್ಕದ ರೇಷ್ಮೆ ಅಂಗಡಿಗೆ ಹೋದೆವು. ಅಂಗಡಿ ಎಂದರೆ ದೊಡ್ಡ ಖಾಲಿ ಹಜಾರ. ಗೋಡೆಗೆ ಒಂದು ಸೀರೆಯ ಸೆರಗಿನಷ್ಟೂ ಮಾಲಿಲ್ಲ. ನಡುವೆ ಕಪ್ಪು ಕಲ್ಲಿನ ಮೇಜು, ಅದರ ಮೇಲೆ ಐದಾರು ಸ್ಕಾರ್ಫು, ಪಕ್ಕದಲ್ಲಿ ಗಾಜಿನ ಬಟ್ಟಲಲ್ಲಿ ಉರಿಯುತ್ತಿದ್ದ ಮೇಣದ ಬತ್ತಿ.

ಕಪ್ಪು ಸೂಟಿನ ಒಬ್ಬ ಮನುಷ್ಯ ಬಂದು ನನ್ನನ್ನು ಸರ್ ಎಂದ. ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. "ಐ ಆಮ್ ಇನ್ ಸಿಲ್ಕ್" ಎಂದೆ. ಈ ವಾಕ್ಯವನ್ನು ವಿಮಾನದಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆ. ಅವನ ಮುಖವೇ ಬದಲಾಯಿತು. ನನ್ನನ್ನು ಆ ತುದಿಯ ಸೋಫಾಕ್ಕೆ ಕರೆದೊಯ್ದು, ಬೆರಳುಗಾತ್ರದ ಬಟ್ಟಲಲ್ಲಿ ಕಾಫಿ ಕೊಟ್ಟು, ಟೈಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ತಂದು ತೋರಿಸತೊಡಗಿದ. ಇಂಡಿಯಾದ ಯಾವುದೋ ದೊಡ್ಡ ರೇಷ್ಮೆ ದೊರೆ ಎಂದು ತಿಳಿದಿರಬೇಕು. ನಾನೂ ಅವನ ತಿಳಿವಳಿಕೆಗೆ ಅಡ್ಡಿ ಬರಲಿಲ್ಲ. ಆ ಹತ್ತು ನಿಮಿಷ ನನ್ನ ಬೂಟು ಕೂಡ ಕಚ್ಚಲಿಲ್ಲ.

ಈ ಕಡೆ ಮೇಜಿನ ಹತ್ತಿರ ನರಸಮ್ಮ ನಿಂತಿದ್ದಳು. ಅವಳು ಸ್ಕಾರ್ಫುಗಳನ್ನು ನೋಡಿದಳು, ಉರಿಯುವ ಬತ್ತಿಯನ್ನು ನೋಡಿದಳು. ನೋಡಿದವಳಿಗೆ ಬಹಳ ಸಂತೋಷವಾಯಿತಂತೆ. ಕಡ್ಡಿ ಗೀರುವ ತೊಂದರೆಯೂ ಬೇಡ ಎಂದು ಗಿರಾಕಿಗಳಿಗಾಗಿ ದೀಪವನ್ನೇ ಹಚ್ಚಿಟ್ಟಿದ್ದಾರೆ, ಎಂಥ ನಂಬಿಕಸ್ಥ ಅಂಗಡಿ ಎಂದುಕೊಂಡಳಂತೆ. ಒಂದು ಸ್ಕಾರ್ಫಿನ ಕುಚ್ಚಿನಿಂದ ಒಂದು ಎಳೆ ನಾಜೂಕಾಗಿ ಎಳೆದು ಬತ್ತಿಗೆ ತಾಗಿಸಿದಳು. ಆ ಬತ್ತಿ ಸುವಾಸನೆಯದು. ಅದರ ಮಲ್ಲಿಗೆ ವಾಸನೆಯಲ್ಲಿ ರೇಷ್ಮೆಯ ವಾಸನೆ ಮುಚ್ಚಿಹೋಯಿತು. ಆದ್ದರಿಂದ ಎರಡನೆಯ ಎಳೆ ಕಿತ್ತು, ಹಚ್ಚಿ, ಬತ್ತಿಯಿಂದ ದೂರ ಸರಿದು ಮೂಸಿದಳು. ಆಮೇಲೆ ಇಡೀ ಹಜಾರಕ್ಕೆ ಕೇಳುವಂತೆ, "ಮಾಲು ಖರೇ ಐತ್ರಿ!" ಎಂದು ಕೂಗಿ ಹೇಳಿದಳು.

ನಮ್ಮ ಕಡೆ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಇಲ್ಲಿ ಮಾತ್ರ ಒಬ್ಬಳು ಮಾರಾಟದ ಹುಡುಗಿ ಚೀರಿದಳು. ಬಾಗಿಲಲ್ಲಿದ್ದ ಕಾವಲುಗಾರ ಓಡಿಬಂದು ನರಸಮ್ಮನ ಮುಂದೆ ಕೈ ಅಡ್ಡ ಹಿಡಿದ. ಯಾರೋ ಬತ್ತಿ ಆರಿಸಿದರು. ನರಸಮ್ಮ ಕೈಯಲ್ಲಿ ಕರಿ ಎಳೆ ಹಿಡಿದುಕೊಂಡು, ತಾನು ಮಾಡಿದ ತಪ್ಪೇನು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ಕಪ್ಪು ಸೂಟಿನವನು ಟೈ ಹಿಡಿದಿದ್ದ ಕೈ ಹಾಗೇ ನಿಲ್ಲಿಸಿ ನನ್ನ ಕಡೆ ತಿರುಗಿದ. ಬಹಳ ಮೆತ್ತಗೆ, ಬಹಳ ಮರ್ಯಾದೆಯಿಂದ ಕೇಳಿದ. "ಈಸ್ ದಿ ಲೇಡಿ ವಿತ್ ಯೂ, ಸರ್?" ಆ ಹೆಂಗಸು ನಿಮ್ಮ ಜೊತೆಯವರೇ ಎಂದು.

ಕಾಫಿ ಇನ್ನೂ ಅರ್ಧ ಇತ್ತು. ನಾನು "ನೋ" ಎಂದೆ.

ಅಂದವನು ಅವನ ಕೈಯಲ್ಲಿದ್ದ ಟೈ ಇಸಿದುಕೊಂಡು ತಿರುವಿ, ಅದನ್ನು ಒಗೆಯುವ ವಿಧಾನ ಬರೆದಿದ್ದ ಸಣ್ಣ ಪಟ್ಟಿಯನ್ನು ಓದತೊಡಗಿದೆ. ನೀರಲ್ಲಿ ಹಾಕಬಾರದು ಎಂದಿತ್ತು. ತಲೆಯೆತ್ತಿದಾಗ ನರಸಮ್ಮ ನನ್ನನ್ನೇ ನೋಡುತ್ತಿದ್ದಳು. ಒಂದೇ ಸಲ ನೋಡಿದಳು, ಆಮೇಲೆ ನನ್ನ ಕಡೆ ತಿರುಗಲಿಲ್ಲ. ನಾನು ಎದ್ದು ಹೋಗಬೇಕಿತ್ತು. ಏಳಲಿಲ್ಲ.

ಅವಳೇ ನಿಭಾಯಿಸಿದಳು. ಒಳಗಿನಿಂದ ಅಂಗಡಿಯ ಹಿರಿಯ ಹೆಂಗಸೊಬ್ಬರು ಬಂದರು, ಬಿಳಿ ಕೂದಲಿನವರು. ನರಸಮ್ಮ ಅವರಿಗೆ ನಮಸ್ಕಾರ ಮಾಡಿ, ತಾನುಟ್ಟಿದ್ದ ಗದ್ವಾಲ ಸೀರೆಯ ಸೆರಗು ಮುಂದೆ ತಂದು, ಅದರ ಕುಚ್ಚಿನಿಂದ ಒಂದು ಎಳೆ ಕಿತ್ತಳು. ಬತ್ತಿಯನ್ನು ಬೆರಳಲ್ಲಿ ತೋರಿಸಿ, ಹಚ್ಚಿ ಎಂದು ಸನ್ನೆ ಮಾಡಿದಳು. ಆ ಹೆಂಗಸಿಗೆ ಏನನ್ನಿಸಿತೋ, ಹಚ್ಚಿಸಿದರು. ನರಸಮ್ಮ ತನ್ನ ಎಳೆ ಸುಟ್ಟು ಅವರ ಮೂಗಿಗೆ ಹಿಡಿದಳು, ಆಮೇಲೆ ಅವರ ಎಳೆಯ ಕರಿ ತುಣುಕನ್ನೂ ಹಿಡಿದಳು.

"ನಿಮ್ದೂ ಖರೇ, ನಮ್ದೂ ಖರೇ," ಎಂದಳು. "ನೋಡಬೇಕಲ್ರಿ ಮತ್ತ? ನೋಡಲಾರದ ಹೆಂಗ ತಗೊಳ್ಳಾಕ ಬರ್ತದ?"

ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎರಡು ಸಲ ಮೂಸಿ, ನಕ್ಕು, ನರಸಮ್ಮನ ಸೆರಗು ಕೈಗೆತ್ತಿಕೊಂಡರು. ಎರಡು ಬೆರಳಲ್ಲಿ ತಿಕ್ಕಿದರು. ಉಲ್ಟಾ ತಿರುಗಿಸಿದರು. ಹತ್ತಿ ಮುಗಿದು ರೇಷ್ಮೆ ಶುರುವಾಗುವ ಕಡೆ ಉಗುರು ಓಡಿಸಿ, ಕಣ್ಣಿಗೆ ಹತ್ತಿರ ಹಿಡಿದು, ಹೊಲಿಗೆ ಹುಡುಕಿದರು. ಹೊಲಿಗೆ ಇರಲಿಲ್ಲ. ಮಾರಾಟದ ಹುಡುಗಿಯನ್ನು ಕರೆದು ತೋರಿಸಿದರು. ಅಷ್ಟರಲ್ಲಿ ನಮ್ಮ ಮೇಡಂ ಗದ್ದಲ ಕೇಳಿ ಓಡಿಬಂದು, "ಏಮೈಂದಮ್ಮಾ?" ಎಂದು ಗಾಬರಿಯಾದರು. ಏನೂ ಆಗಿಲ್ಲ ಎಂದಳು ನರಸಮ್ಮ. ಸ್ಕಾರ್ಫು ಕೊಳ್ಳಲಿಲ್ಲ, ಅಂಚು ಮಿಷಿನ್ನಿನದು ಎಂದು. ಹೊರಗೆ ಬಂದು, "ಹೋಗೋಣ್ರಿ, ಬಸ್ ಬಂದದ" ಎಂದಳು ನನಗೆ. ಮರುದಿನ ಬೆಳಿಗ್ಗೆ ಎಂದಿನಂತೆ ನೆಲದ ಮೇಲೆ ಕೂತು ನನ್ನ ಹಿಮ್ಮಡಿ ಬೂಟಿಗೆ ತಳ್ಳಿದಳು. ಆ ವಿಚಾರ ಅವಳು ಎತ್ತಲಿಲ್ಲ, ನಾನಂತೂ ಎತ್ತುವವನಲ್ಲ. ಅವಳಿಗೆ ಇಂಗ್ಲಿಷ್ ಬಾರದು ಎಂದು ಸಮಾಧಾನ ಮಾಡಿಕೊಂಡೆ.

ಊರಿಗೆ ಬಂದ ಮೇಲೆ ನರಸಮ್ಮ ಕಥೆ ಹೇಳಲು ಶುರು ಮಾಡಿದಳು. ಮೊದಲು ಅಂಗಡಿಗೆ ಬಂದ ನೇಕಾರರಿಗೆ. ಗಜ್ಜರಿ, ದಿಂಬು, ಮೇಣದ ಬತ್ತಿ ಎಲ್ಲ ಹೇಳಿದಳು. ಕಾವಲುಗಾರ ಕೈ ಅಡ್ಡ ಹಿಡಿದ ಕಡೆಗೆ ಬಂದಾಗ ನಾನು ಜರಿಯ ಡಬ್ಬಿಗಳನ್ನು ಸರಿಯಾಗಿ ಜೋಡಿಸಲು ಎದ್ದೆ.

"ಆಗ ಇವರು," ಎಂದು ನನ್ನ ಕಡೆ ಕೈ ಮಾಡಿದಳು, "ಕಾಫಿ ಅಲ್ಲೇ ಬಿಟ್ಟು ಓಡಿ ಬಂದು, ನನ್ನ ಮುಂದ ನಿಂತು, 'ಶೀ ಈಸ್ ಮೈ ವೈಫ್' ಅಂತ ಜೋರ್ ಮಾಡಿದ್ರು ನೋಡ್ರಿ!"

ನೇಕಾರರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಡಬ್ಬಿ ಜೋಡಿಸಿದೆ. ಅವಳು ನನ್ನ ಮಾನ ಉಳಿಸುತ್ತಿದ್ದಾಳೆ ಎಂದುಕೊಂಡು ಸುಮ್ಮನಾದೆ. ದಾಮರಗಿದ್ದದ ನೆಂಟರ ಮನೆಯಲ್ಲಿ ತೊಟ್ಟಿಲ ದಿನ ಮತ್ತೆ ಹೇಳಿದಳು. ಕೋಸಗಿಯ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದಳು. ಗದ್ವಾಲದ ತವರು ಮನೆಯಲ್ಲಿ ಹೇಳಿದಾಗ ಅವಳ ಅಣ್ಣ ಎದ್ದು ಬಂದು, "ಪರದೇಶದಾಗ ನಮ್ಮ ತಂಗಿ ಇಜ್ಜತ್ ಉಳಿಸಿದ್ರಿ ಭಾವಾ" ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದ. ನಾನು ಆ ಹೋಳಿಗೆಯನ್ನು ತಿಂದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಹೋದ ತಿಂಗಳು ಮಕ್ತಲದಲ್ಲಿ ಅವಳ ಅಕ್ಕ ಬಾಲಮ್ಮನ ಮನೆಗೆ ಹೋಗಿದ್ದೆವು. ಅಕ್ಕ ತಂಗಿ ನಡುಮನೆಯಲ್ಲಿ ಕೂತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದರು, ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದೆ. ನರಸಮ್ಮ ಮತ್ತೆ ಮಿಲಾನಿಗೆ ಹೋದಳು. ಮತ್ತೆ ನಾನು ಓಡಿಬಂದು ಮುಂದೆ ನಿಂತೆ. ಬಾಲಮ್ಮ ಗಂಡನನ್ನು ಕಳೆದುಕೊಂಡು ಮೂರು ವರ್ಷವಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇಂಥಾ ಗಂಡನ್ನ ಪಡ್ಕೊಂಡಿ ನೋಡವ್ವ" ಎಂದಳು.

ನನ್ನಿಂದ ಆಗಲಿಲ್ಲ. "ನಾನು ಹಂಗ ಅನ್ನಲಿಲ್ಲಕ್ಕ," ಎಂದೆ. "ಈಕಿ ನಿಮ್ಮಾಕಿ ಏನು ಅಂತ ಕೇಳಿದ್ರು. ಅಲ್ಲ ಅಂದೆ. ಕುಂತಲ್ಲೇ ಕುಂತಿದ್ದೆ."

ಬಾಲಮ್ಮ ನನ್ನನ್ನು ನೋಡಿದಳು, ತಂಗಿಯನ್ನು ನೋಡಿದಳು. ನರಸಮ್ಮ ಕೈಯಲ್ಲಿದ್ದ ಕಾಯಿ ಬಿಡಿಸಿ, ಕಾಳು ಬುಟ್ಟಿಗೆ ಹಾಕಿ, ಇನ್ನೊಂದು ತೆಗೆದುಕೊಂಡಳು.

"ಐದು ಸಲ ಹೇಳೀನಿ," ಎಂದಳು. "ಇವತ್ತ ಬಾಯಿ ಬಿಟ್ರಿ."

"ನಿನಗ ಗೊತ್ತಿತ್ತೇನು?" ಎಂದೆ.

"ನನಗ ಇಂಗ್ಲಿಷ್ ಬರಂಗಿಲ್ಲ. ನೋ ಅಂದ್ರ ಯಾರಿಗಿ ತಿಳೆಂಗಿಲ್ರಿ?"

"ಮತ್ತ ಹಂಗ್ಯಾಕ ಹೇಳಿಕೋತ ಬಂದಿ?"

ಅವಳು ಬುಟ್ಟಿಯಲ್ಲಿ ಬಿದ್ದಿದ್ದ ಸಿಪ್ಪೆ ಆರಿಸಿ ಹಾಕಿದಳು. ಆಮೇಲೆ, "ನೀವು ಹಂಗ ಅಂದಿದ್ರ ಚಂದ ಇರ್ತಿತ್ತು," ಎಂದಳು. ನಾನು ಕುರ್ಚಿ ಬಿಟ್ಟು ಅವರ ಪಕ್ಕ ನೆಲಕ್ಕೆ ಕೂತು ತೊಗರಿಕಾಯಿ ಬಿಡಿಸತೊಡಗಿದೆ.

ಈಗಲೂ ಯಾರಾದರೂ ಯುರೋಪಿನ ಕಥೆ ಕೇಳಿದರೆ ನರಸಮ್ಮನೇ ಹೇಳುತ್ತಾಳೆ. ಗಜ್ಜರಿ ಅವಳದ್ದು, ದಿಂಬು ಅವಳದ್ದು, ಮೇಣದ ಬತ್ತಿ ಅವಳದ್ದು. ಕಪ್ಪು ಸೂಟಿನವನು ನನ್ನ ಕಡೆ ತಿರುಗಿ ಆ ಹೆಂಗಸು ನಿಮ್ಮವರೇ ಎಂದು ಕೇಳುವವರೆಗೆ ಬಂದು ನಿಲ್ಲಿಸುತ್ತಾಳೆ. "ಮುಂದಿಂದು ನೀವ ಹೇಳ್ರಿ" ಎನ್ನುತ್ತಾಳೆ. "ನೋ" ಅಂದೆ ಎಂದು ನಾನು ಹೇಳುತ್ತೇನೆ.